ಹಳೆಯ ವಾಕಿ-ಟಾಕಿ ಕೊಳ್ಳುವ ಮುನ್ನ ರೈತರು ತಿಳಿದಿರಬೇಕಾದ ಸಂಗತಿಗಳು

ಹಾವೇರಿ ತಾಲೂಕಿನ ಗಳಗನಾಥದಲ್ಲಿ ವರದಾ ನದಿಯು ತುಂಗಭದ್ರೆಯನ್ನು ಕೂಡುತ್ತದೆ. ಸಂಗಮದ ದಂಡೆಯ ಮೇಲೆ ಗಳಗೇಶ್ವರ ದೇವಾಲಯವಿದೆ. ಅದರ ಆಚೀಚೆ ನದಿಯ ನೀರನ್ನೇ ನಂಬಿದ ಹೊಲಗಳಿವೆ. ಇಂತಹ ನದಿದಂಡೆಯ ಊರುಗಳಲ್ಲಿ ಪಂಪು ಒಂದು ಕಡೆ, ಹೊಲ ಇನ್ನೊಂದು ಕಡೆ ಇರುವುದು ಸಾಮಾನ್ಯ. ಪೈಪು ಒಡೆದರೆ ಹೊಲದಲ್ಲಿರುವವನು ದಂಡೆಯಲ್ಲಿರುವವನಿಗೆ ಸುದ್ದಿ ಮುಟ್ಟಿಸಬೇಕು. ಮೂರು ಫೇಸ್ ವಿದ್ಯುತ್ತು ರಾತ್ರಿಯ ಪಾಳಿಯಲ್ಲಿ ಬಂದಾಗ ಈ ಓಡಾಟವೆಲ್ಲ ಕತ್ತಲೆಯಲ್ಲಿಯೇ ನಡೆಯಬೇಕು. ರಾಣೆಬೆನ್ನೂರು ಭಾಗದ ಬೀಜೋತ್ಪಾದನೆಯ ತಾಕುಗಳಲ್ಲಿ ಮತ್ತು ಬ್ಯಾಡಗಿ ಭಾಗದ ಮೆಣಸಿನಕಾಯಿ ಕಣಗಳಲ್ಲಿಯೂ ದೂರ ದೂರ ಕೆಲಸ ಮಾಡುವವರ ನಡುವೆ ಮಾತಿನ ಸಂಪರ್ಕ ಬೇಕಾಗುತ್ತದೆ.

ಮೊಬೈಲ್ ಫೋನು ಈ ಕೆಲಸವನ್ನು ಬಹುಮಟ್ಟಿಗೆ ಮಾಡುತ್ತದೆ. ಆದರೆ ಅದಕ್ಕೆ ಟವರಿನ ಆಸರೆ ಬೇಕು. ಟವರಿಗೆ ವಿದ್ಯುತ್ತು ನಿಂತರೆ ಅಥವಾ ಹೊಲವು ತಗ್ಗಿನಲ್ಲಿದ್ದರೆ ಫೋನು ಸುಮ್ಮನಾಗುತ್ತದೆ. ಒಮ್ಮೆಗೆ ನಾಲ್ಕಾರು ಜನರಿಗೆ ಒಂದೇ ಮಾತು ತಿಳಿಸಬೇಕಾದಾಗಲೂ ಫೋನು ಅನುಕೂಲವಲ್ಲ. ಹೀಗಾಗಿ ಕೆಲವರಿಗೆ ಪೊಲೀಸರು, ಅರಣ್ಯ ಇಲಾಖೆಯವರು ಮತ್ತು ಕಾರ್ಖಾನೆಯ ಕಾವಲುಗಾರರು ಹಿಡಿಯುವ ಕೈ ನಿಸ್ತಂತು ಸೆಟ್ಟು, ಅಂದರೆ ವಾಕಿ-ಟಾಕಿ, ನೆನಪಾಗುತ್ತದೆ. ಹೊಸದಕ್ಕೆ ಬೆಲೆ ಹೆಚ್ಚು. ಒಮ್ಮೆ ಬಳಸಿ ಬಿಟ್ಟ ಸೆಟ್ಟುಗಳು ಅಗ್ಗಕ್ಕೆ ಸಿಗುತ್ತವೆ. ಈ ಅಗ್ಗದ ಸರಕನ್ನು ಕೊಳ್ಳುವುದು ಯಾವಾಗ ಲಾಭ, ಯಾವಾಗ ನಷ್ಟ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮೊದಲಿಗೇ ಹೇಳಬೇಕಾದ ಮಾತೊಂದಿದೆ. ಎತ್ತು ಕೊಳ್ಳುವವನು ಹಲ್ಲು ನೋಡಿ ನಂತರ ಬೆಲೆ ಕಟ್ಟುತ್ತಾನೆ. ವಾಕಿ-ಟಾಕಿಯ ವಿಷಯದಲ್ಲಿಯೂ ಬೆಲೆ ಕೊನೆಯದು. ಮೊದಲು ಅನುಮತಿ, ಎರಡನೆಯದು ಆವರ್ತನ, ಮೂರನೆಯದು ಸೆಟ್ಟಿನ ಸ್ಥಿತಿ, ಕೊನೆಗೆ ಬೆಲೆ. ಈ ಕ್ರಮ ತಪ್ಪಿದರೆ ಕೊಟ್ಟ ಹಣ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ.

ಸೆಟ್ಟು ಕೆಲಸ ಮಾಡುವ ಬಗೆ

ವಾಕಿ-ಟಾಕಿಯಲ್ಲಿ ಮಾತು ಕಳಿಸುವ ಮತ್ತು ಮಾತು ಕೇಳುವ ಎರಡು ಭಾಗಗಳು ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಪಕ್ಕದ ಗುಂಡಿಯನ್ನು ಒತ್ತಿ ಹಿಡಿದರೆ ಮಾತು ಹೋಗುತ್ತದೆ, ಬಿಟ್ಟರೆ ಕೇಳಿಸುತ್ತದೆ. ಎರಡೂ ಏಕಕಾಲಕ್ಕೆ ಆಗುವುದಿಲ್ಲ. ಒಬ್ಬನು ಗುಂಡಿ ಒತ್ತಿದಾಗ ಅದೇ ಆವರ್ತನದಲ್ಲಿರುವ ಸೆಟ್ಟುಗಳೆಲ್ಲ ಅವನ ಮಾತನ್ನು ಕೇಳುತ್ತವೆ. ಆವರ್ತನ, ಅಂದರೆ ಫ್ರೀಕ್ವೆನ್ಸಿ, ಎಂದರೆ ರೇಡಿಯೋ ಅಲೆಯು ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಕಳಿಸುವವನ ಮತ್ತು ಕೇಳುವವನ ಆವರ್ತನ ಒಂದೇ ಇರಬೇಕು.

ಕೈ ಸೆಟ್ಟುಗಳಲ್ಲಿ ಎರಡು ಮುಖ್ಯ ಬಗೆಗಳಿವೆ. ಸಾಮಾನ್ಯವಾಗಿ 136ರಿಂದ 174 ಮೆಗಾಹರ್ಟ್ಸ್‌ವರೆಗಿನವು ವಿ.ಎಚ್.ಎಫ್.; 400ರಿಂದ 470 ಮೆಗಾಹರ್ಟ್ಸ್‌ವರೆಗಿನವು ಯು.ಎಚ್.ಎಫ್. ತೆರೆದ ಹೊಲ ಮತ್ತು ಗಿಡಮರಗಳ ನಡುವೆ ವಿ.ಎಚ್.ಎಫ್. ಅಲೆ ಸ್ವಲ್ಪ ಹೆಚ್ಚು ಸಾಗುತ್ತದೆ. ಕಟ್ಟಡಗಳ ನಡುವೆ, ಗೋದಾಮು ಮತ್ತು ಮಾರುಕಟ್ಟೆಯ ಪ್ರಾಂಗಣಗಳಲ್ಲಿ ಯು.ಎಚ್.ಎಫ್. ಮೇಲು. ಎರಡರ ನಡುವೆ ಮಾತುಕತೆ ಸಾಧ್ಯವಿಲ್ಲ. ಹೊರಗಿನಿಂದ ನೋಡಲು ಒಂದೇ ತೆರನಾಗಿರುವ ಎರಡು ಸೆಟ್ಟುಗಳಲ್ಲಿ ಒಂದು ವಿ.ಎಚ್.ಎಫ್., ಇನ್ನೊಂದು ಯು.ಎಚ್.ಎಫ್. ಇರಬಹುದು. ಬ್ಯಾಟರಿ ಕಳಚಿ ಹಿಂಬದಿಯ ಚೀಟಿಯಲ್ಲಿರುವ ಮಾದರಿ ಸಂಖ್ಯೆಯನ್ನು ಓದಿಯೇ ಇದನ್ನು ಖಚಿತಪಡಿಸಿಕೊಳ್ಳಬೇಕು.

ಮೊದಲು ಅನುಮತಿ

ಹೊಲ ಸ್ವಂತದ್ದಾದರೂ ಅದರ ಮೇಲೆ ಹಾಯುವ ರೇಡಿಯೋ ಅಲೆ ಸ್ವಂತದ್ದಲ್ಲ. ನಮ್ಮ ದೇಶದಲ್ಲಿ 1933ರ ನಿಸ್ತಂತು ತಂತಿ ಕಾಯ್ದೆಯ ಕಾಲದಿಂದಲೂ ಇಂತಹ ಸೆಟ್ಟನ್ನು ಬಳಸುವುದಕ್ಕಷ್ಟೇ ಅಲ್ಲ, ಇಟ್ಟುಕೊಳ್ಳುವುದಕ್ಕೂ ಸರಕಾರದ ಅನುಮತಿ ಅವಶ್ಯವಾಗಿದೆ. ಹಳೆಯ ಕಾಯ್ದೆಗಳ ಬದಲಿಗೆ ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆಯನ್ನು ಅಂಗೀಕರಿಸಿತು. ಅದರ ಭಾಗಗಳು 2024ರ ಜೂನ್ ತಿಂಗಳಿನಿಂದ ಹಂತ ಹಂತವಾಗಿ ಜಾರಿಗೆ ಬಂದವು. ಹೊಸ ಕಾಯ್ದೆಯಲ್ಲಿಯೂ ರೇಡಿಯೋ ಉಪಕರಣ ಹೊಂದಲು ಅನುಮತಿ ಬೇಕೆಂಬ ತತ್ವವೇ ಉಳಿದಿದೆ.

ಈ ಅನುಮತಿಯನ್ನು ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗ. ಅರ್ಜಿಯನ್ನು ‘ಸರಳ್ ಸಂಚಾರ್’ ಎಂಬ ಅಂತರಜಾಲ ತಾಣದ ಮೂಲಕ ಸಲ್ಲಿಸಬೇಕಾಗುತ್ತದೆ. ಅರ್ಜಿದಾರರಿಗೆ ನಿರ್ದಿಷ್ಟ ಪ್ರದೇಶಕ್ಕೆ ನಿರ್ದಿಷ್ಟ ಆವರ್ತನವನ್ನು ಗೊತ್ತುಪಡಿಸಲಾಗುತ್ತದೆ. ಅದಕ್ಕೆ ಶುಲ್ಕವೂ ಉಂಟು.

ಹಳೆಯ ಸೆಟ್ಟು ಕೊಳ್ಳುವವರು ಇಲ್ಲಿ ಮೂರು ಅಂಶಗಳನ್ನು ಮನನ ಮಾಡಿಕೊಳ್ಳಬೇಕು.

1. ಮಾರುವವನ ಹತ್ತಿರ ಲೈಸೆನ್ಸು ಇದ್ದ ಮಾತ್ರಕ್ಕೆ ಅದು ಸೆಟ್ಟಿನ ಜೊತೆಗೆ ಕೊಳ್ಳುವವನಿಗೆ ವರ್ಗವಾಗುವುದಿಲ್ಲ. ಟ್ರ್ಯಾಕ್ಟರಿನ ಕಾಗದಪತ್ರ ಹೆಸರು ಬದಲಾಯಿಸಿಕೊಂಡಂತೆ ಇದನ್ನು ಬದಲಾಯಿಸಿಕೊಳ್ಳಲು ಬರುವುದಿಲ್ಲ. ಕೊಳ್ಳುವವನು ತನ್ನದೇ ಅನುಮತಿಯನ್ನು ಪಡೆಯಬೇಕು.

2. ಹಳೆಯ ಸೆಟ್ಟಿನೊಳಗೆ ಹಿಂದಿನ ಮಾಲೀಕನ ಆವರ್ತನಗಳು ಉಳಿದಿರುತ್ತವೆ. ಆ ಮಾಲೀಕ ಒಂದು ಕಾರ್ಖಾನೆಯಾಗಿರಬಹುದು, ಇಲಾಖೆಯೇ ಆಗಿರಬಹುದು. ಅದೇ ಆವರ್ತನದಲ್ಲಿ ಮಾತನಾಡಿದರೆ ಬೇರೊಬ್ಬರ ತುರ್ತು ಕರೆಗೆ ಅಡ್ಡಿಯಾಗುತ್ತದೆ. ಇದು ಬರಿಯ ಕಾಗದದ ತಪ್ಪಲ್ಲ. ಇನ್ನೊಬ್ಬರ ಜೀವಕ್ಕೆ ಕುತ್ತು ತರಬಹುದಾದ ತಪ್ಪು.

3. ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್, ಲೈಸೆನ್ಸು ಪರೀಕ್ಷೆ ಬರೆದು ಪಡೆಯತಕ್ಕ ಬೇರೆಯೇ ಅನುಮತಿ. ಅದನ್ನು ಕಲಿಕೆ, ಪ್ರಯೋಗ ಮತ್ತು ಹವ್ಯಾಸಿಗಳ ನಡುವಿನ ಸಂಪರ್ಕಕ್ಕಾಗಿ ಕೊಡಲಾಗುತ್ತದೆ. ಕೂಲಿಯವರಿಗೆ ಕೆಲಸ ಹೇಳಲು, ಮಾಲು ಸಾಗಿಸಲು ಅದನ್ನು ಬಳಸುವಂತಿಲ್ಲ.

ಅನುಮತಿ ಬೇಡವಾದ ಒಂದು ಸಣ್ಣ ದಾರಿಯೂ ಇದೆ. 2018ರ ಅಕ್ಟೋಬರದಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಡಿಮೆ ಶಕ್ತಿಯ ಸಣ್ಣ ಸೆಟ್ಟುಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಡಲಾಗಿದೆ. ಈ ಬಗೆಯ ಸೆಟ್ಟುಗಳ ಶಕ್ತಿ ಸಾಮಾನ್ಯವಾಗಿ ಅರ್ಧ ವ್ಯಾಟಿನಷ್ಟು. ಆದರೆ ಅವುಗಳಿಗೂ ಉಪಕರಣ ಮಾದರಿಯ ಮಂಜೂರಾತಿ, ಅಂದರೆ ಇ.ಟಿ.ಎ. ಪ್ರಮಾಣಪತ್ರ, ಇರಲೇಬೇಕು. ವೃತ್ತಿಪರರು ಬಳಸಿ ಬಿಟ್ಟ ನಾಲ್ಕೈದು ವ್ಯಾಟಿನ ಸೆಟ್ಟುಗಳು ಈ ವಿನಾಯಿತಿಯೊಳಗೆ ಬರುವುದಿಲ್ಲ. “ಆವರ್ತನವನ್ನು 446ಕ್ಕೆ ಇಳಿಸಿ ಕೊಡುತ್ತೇವೆ, ಲೈಸೆನ್ಸು ಬೇಕಿಲ್ಲ” ಎನ್ನುವ ಮಾರಾಟಗಾರನ ಮಾತನ್ನು ನಂಬಬಾರದು.

ಅಂತರಜಾಲದ ಅಂಗಡಿಗಳಲ್ಲಿ ಬಹಿರಂಗವಾಗಿ ಮಾರುತ್ತಾರೆಂಬುದು ಅನುಮತಿಯ ಗುರುತಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ವಾಕಿ-ಟಾಕಿಗಳ ಅಕ್ರಮ ಮಾರಾಟದ ಬಗ್ಗೆ 13 ಅಂತರಜಾಲ ಮಾರಾಟ ಸಂಸ್ಥೆಗಳಿಗೆ ನೋಟೀಸು ಕೊಟ್ಟಿತು. ಅದೇ ತಿಂಗಳು ಇಂತಹ ಮಾರಾಟಕ್ಕೆ ಮಾರ್ಗಸೂಚಿಯನ್ನೂ ಹೊರಡಿಸಿತು. ಆವರ್ತನ ಯಾವುದು, ಲೈಸೆನ್ಸು ಬೇಕೇ, ಮಾದರಿಯ ಮಂಜೂರಾತಿ ಇದೆಯೇ ಎಂಬುದನ್ನು ಕೊಳ್ಳುವವರಿಗೆ ಮುಚ್ಚಿಟ್ಟು ಮಾರುತ್ತಿದ್ದುದೇ ಇದಕ್ಕೆ ಕಾರಣ. ಕೊಂಡ ಮಾಲಿನ ಬಗ್ಗೆ ದೂರು ಇದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಹಳೆಯ ಸೆಟ್ಟುಗಳು ಎಲ್ಲಿಂದ ಬರುತ್ತವೆ?

ಒಳ್ಳೆಯ ಸೆಟ್ಟನ್ನು ಯಾರಾದರೂ ಏಕೆ ಮಾರುತ್ತಾರೆ ಎಂಬ ಪ್ರಶ್ನೆ ಸಹಜ. ದೊಡ್ಡ ಸಂಸ್ಥೆಗಳು ಕೆಲವು ವರ್ಷಗಳಿಗೊಮ್ಮೆ ಎಲ್ಲ ಸೆಟ್ಟುಗಳನ್ನೂ ಒಟ್ಟಿಗೆ ಬದಲಾಯಿಸುತ್ತವೆ. ಹಾಗೆ ಹೊರಬಿದ್ದವುಗಳಲ್ಲಿ ಗಟ್ಟಿಯಾದವು ಇರುತ್ತವೆ. ಕೆಲವು ಸಲ ಕಾನೂನೇ ಅವುಗಳನ್ನು ಹೊರಗೆ ಹಾಕುತ್ತದೆ. ಅಮೆರಿಕದಲ್ಲಿ ಮೊದಲು ಒಂದೊಂದು ಚಾನಲ್ಲಿಗೆ 25 ಕಿಲೋಹರ್ಟ್ಸ್ ಅಗಲದ ಜಾಗ ಇರುತ್ತಿತ್ತು. ಬಳಸುವವರು ಹೆಚ್ಚಾದಂತೆ ಅದನ್ನು ಅರ್ಧಕ್ಕೆ, ಅಂದರೆ 12.5 ಕಿಲೋಹರ್ಟ್ಸಿಗೆ, ಇಳಿಸಬೇಕೆಂದು ಅಲ್ಲಿಯ ಆಯೋಗ ಆದೇಶಿಸಿತು; 2013ರ ಜನವರಿ 1 ಅದಕ್ಕೆ ಕೊನೆಯ ದಿನವಾಗಿತ್ತು. ಅಗಲ ಚಾನಲ್ ಬಿಟ್ಟರೆ ಬೇರೆ ಬಾರದ ಸೆಟ್ಟುಗಳು ಅಲ್ಲಿ ಈ ಕೆಲಸಕ್ಕೆ ಬಾರದಂತಾದವು.

ಇದರಿಂದ ತಿಳಿಯಬೇಕಾದುದು ಇಷ್ಟು: ಸೆಟ್ಟು ಕೆಟ್ಟಿಲ್ಲದಿದ್ದರೂ ಬಳಕೆಗೆ ಅನರ್ಹವಾಗಿರಬಹುದು. ಅನುಮತಿಪತ್ರದಲ್ಲಿ ಬರೆದ ಆವರ್ತನ ಮತ್ತು ಚಾನಲ್ ಅಗಲಕ್ಕೆ ಈ ಮಾದರಿ ಹೊಂದುತ್ತದೆಯೇ ಎಂದು ಕೇಳಿಯೇ ಮುಂದುವರಿಯಬೇಕು. ಹಾಗೆಯೇ ಹಳೆಯ ಸೆಟ್ಟುಗಳಲ್ಲಿ ಅನಲಾಗ್ ಮತ್ತು ಡಿಜಿಟಲ್ ಎಂಬ ಎರಡು ಬಗೆಗಳುಂಟು. ಅನಲಾಗ್ ಮಾತ್ರ ಬರುವ ಸೆಟ್ಟಿಗೆ ಡಿಜಿಟಲ್ ಸೆಟ್ಟಿನ ಮಾತು ಬರಿಯ ಗರಗರ ಸದ್ದಾಗಿ ಕೇಳುತ್ತದೆ. ಒಂದು ತಂಡಕ್ಕೆ ಒಂದೇ ಬಗೆಯ, ಸಾಧ್ಯವಾದರೆ ಒಂದೇ ಮಾದರಿಯ ಸೆಟ್ಟುಗಳನ್ನು ಆರಿಸುವುದು ಲೇಸು. ಆಗ ಬ್ಯಾಟರಿ, ಚಾರ್ಜರು ಮತ್ತು ಬಿಡಿಭಾಗಗಳನ್ನು ಅದಲು ಬದಲು ಮಾಡಲು ಬರುತ್ತದೆ.

ಮಾತು ಎಷ್ಟು ದೂರ ಮುಟ್ಟುತ್ತದೆ?

ಡಬ್ಬಿಯ ಮೇಲೆ ಬರೆದ ಹತ್ತಾರು ಕಿಲೋಮೀಟರಿನ ಮಾತು ಗುಡ್ಡದಿಂದ ಗುಡ್ಡಕ್ಕೆ ಆಡುವ ಮಾತು. ಹೊಲದಿಂದ ಹೊಲಕ್ಕೆ ಅಲ್ಲ. ಈ ಅಲೆಗಳು ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುತ್ತವೆ. ಭೂಮಿ ದುಂಡಗಿರುವುದರಿಂದ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಎರಡು ಸೆಟ್ಟುಗಳಿಗೆ ಅಡೆತಡೆ ಇಲ್ಲದ ಬಟ್ಟ ಬಯಲಿನಲ್ಲಿಯೂ ಸುಮಾರು 10 ಕಿಲೋಮೀಟರು ಲೆಕ್ಕದ ಮಿತಿ. ನಿಜವಾದ ಹೊಲದಲ್ಲಿ ಮರ, ಮನೆ, ಏರಿ, ಎತ್ತರದ ಬೆಳೆ ಎಲ್ಲವೂ ಅಡ್ಡ ಬರುತ್ತವೆ. ಐದು ವ್ಯಾಟಿನ ಸೆಟ್ಟಿಗೆ ಎರಡು ಮೂರು ಕಿಲೋಮೀಟರು, ಅರ್ಧ ವ್ಯಾಟಿನದಕ್ಕೆ ಒಂದು ಕಿಲೋಮೀಟರಿನ ಆಚೀಚೆ ಎಂದು ಹಿಡಿಯುವುದು ಕ್ಷೇಮ. ತೊಯ್ದ ಕಬ್ಬು ಮತ್ತು ಗೋವಿನಜೋಳದ ಬೆಳೆಯೊಳಗೆ ಅದೂ ಕಡಿಮೆಯಾಗುತ್ತದೆ.

ಹೆಚ್ಚು ವ್ಯಾಟಿನ ಸೆಟ್ಟು ಕೊಂಡರೆ ಅಷ್ಟೇ ಹೆಚ್ಚು ದೂರ ಮುಟ್ಟುತ್ತದೆ ಎಂಬುದು ತಪ್ಪು ಗ್ರಹಿಕೆ. ನೆಲದ ಹತ್ತಿರದ ಸಂಪರ್ಕದಲ್ಲಿ ಶಕ್ತಿಯನ್ನು ನಾಲ್ಕು ಪಟ್ಟು ಮಾಡಿದರೂ ದೂರ ಒಂದೂವರೆ ಪಟ್ಟಾಗುವುದಿಲ್ಲ. ಮಾತನಾಡುವವನು ಒಂದು ಏರಿಯ ಮೇಲೆ ಹತ್ತಿ ಸೆಟ್ಟಿನ ಎತ್ತರವನ್ನು ಎರಡು ಪಟ್ಟು ಮಾಡಿದರೆ ಸುಮಾರು ಅಷ್ಟೇ ಲಾಭ ಖರ್ಚಿಲ್ಲದೆ ಸಿಗುತ್ತದೆ. ನದಿಯ ಪಾತ್ರದಲ್ಲಿ, ದಂಡೆಯ ತಗ್ಗಿನಲ್ಲಿ ಪಂಪಿನ ಬುಡದಲ್ಲಿ ನಿಂತು ಕರೆಯುವುದಕ್ಕಿಂತ ನಾಲ್ಕು ಹೆಜ್ಜೆ ಮೇಲೇರಿ ಕರೆಯುವುದು ಉತ್ತಮ.

ಸೆಟ್ಟಿನ ಹೊರ ಪರೀಕ್ಷೆ

ಹಳೆಯ ಸೆಟ್ಟನ್ನು ಕೈಗೆ ತೆಗೆದುಕೊಂಡಾಗ ಈ ಕೆಳಗಿನ ಅಂಶಗಳನ್ನು ಕ್ರಮವಾಗಿ ನೋಡಬೇಕು.

- ಹಿಂಬದಿಯ ಚೀಟಿಯಲ್ಲಿ ಮಾದರಿ ಸಂಖ್ಯೆ ಮತ್ತು ಕ್ರಮಸಂಖ್ಯೆ ಸ್ಪಷ್ಟವಾಗಿರಬೇಕು. ಚೀಟಿ ಕಿತ್ತಿದ್ದರೆ ಅಥವಾ ಸಂಖ್ಯೆ ಕೆರೆದಿದ್ದರೆ ಆ ಸೆಟ್ಟನ್ನು ಮುಟ್ಟಬಾರದು. ಅದು ಕಳವಿನ ಮಾಲಾಗಿರಬಹುದು.
- ತಿರುಪುಮೊಳೆಗಳ ತಲೆ ಸವೆದಿದ್ದರೆ ಸೆಟ್ಟನ್ನು ಹಲವು ಸಲ ಬಿಚ್ಚಿದ್ದಾರೆಂದು ತಿಳಿಯಬೇಕು.
- ಬ್ಯಾಟರಿ ಕೂಡುವ ಹಿತ್ತಾಳೆಯ ತುಂಡುಗಳ ಮೇಲೆ ಹಸಿರು ಕಿಲುಬು ಇದ್ದರೆ ಒಳಗೆ ನೀರು ಹೋಗಿರುವ ಸಂಶಯ ಉಂಟು.
- ಗುಂಡಿಯ ಮೇಲಿನ ರಬ್ಬರು ಸೀಳಿರಬಾರದು. ನೀರು ನಿರೋಧಕವೆಂದು ಬರೆದಿದ್ದರೂ ಆ ಮಾತು ಹೊಸ ಸೆಟ್ಟಿಗೆ ಮಾತ್ರ ಅನ್ವಯಿಸುತ್ತದೆ. ಒಳಗಿನ ರಬ್ಬರು ಪಟ್ಟಿ ವರ್ಷಗಳು ಕಳೆದಂತೆ ಒಣಗಿ ಬಿರಿಯುತ್ತದೆ.
- ಆಂಟೆನಾ ಬುಡದಲ್ಲಿ ಮುರಿದು ಅಂಟಿಸಿರಬಾರದು. ಅದು ಆ ಸೆಟ್ಟಿನ ಆವರ್ತನಕ್ಕೆ ತಕ್ಕುದೇ ಆಗಿರಬೇಕು.
- ಮೈಕಿನ ತೂತಿನಲ್ಲಿ ಧೂಳು ತುಂಬಿದ್ದರೆ ಮಾತು ಮಂದವಾಗುತ್ತದೆ. ಮೆಣಸಿನಕಾಯಿ ಕಣದಲ್ಲಿ ಮತ್ತು ಹತ್ತಿಯ ಧೂಳಿನಲ್ಲಿ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು.
- ಧ್ವನಿಯ ತಿರುಗುಗುಂಡಿಯನ್ನು ತಿರುಗಿಸಿದಾಗ ಕರಕರ ಸದ್ದು ಬರಬಾರದು.

ಆಂಟೆನಾ ಕಳಚಿದ ಸೆಟ್ಟಿನ ಗುಂಡಿಯನ್ನು ಎಂದೂ ಒತ್ತಬಾರದು. ಹೊರಗೆ ಹೋಗಬೇಕಾದ ಶಕ್ತಿ ಹಿಂದಿರುಗಿ ಕಳಿಸುವ ಭಾಗದ ಟ್ರಾನ್ಸಿಸ್ಟರನ್ನು ಸುಡಬಹುದು. ಕಳಿಸುವ ಶಕ್ತಿ, ಆವರ್ತನದ ನಿಖರತೆ ಮತ್ತು ಕೇಳುವ ಭಾಗದ ಸೂಕ್ಷ್ಮತೆಯನ್ನು ಅನುಮತಿಯುಳ್ಳ ವ್ಯಾಪಾರಿಯ ತಂತ್ರಜ್ಞನಿಂದ ಅಳೆಯಿಸಿ, ಫಲಿತಾಂಶವನ್ನು ರಸೀದಿಯಲ್ಲಿ ಬರೆಯಿಸಿಕೊಳ್ಳಬೇಕು.

ಬ್ಯಾಟರಿಯೇ ಅರ್ಧ ಬೆಲೆ

ಸೆಟ್ಟು ಹತ್ತು ಹದಿನೈದು ವರ್ಷ ಬಾಳಬಹುದು; ಬ್ಯಾಟರಿ ಬಾಳುವುದಿಲ್ಲ. ಹಳೆಯ ಸೆಟ್ಟು ಕೊಂಡು ಬೇಸತ್ತವರಲ್ಲಿ ಹೆಚ್ಚಿನವರು ಮೋಸ ಹೋಗುವುದು ಬ್ಯಾಟರಿಯಲ್ಲಿಯೇ. ಬ್ಯಾಟರಿಯಲ್ಲಿ ಮೂರು ಬಗೆಗಳು ಕಂಡುಬರುತ್ತವೆ. ನಿಕಲ್-ಕ್ಯಾಡ್ಮಿಯಂ ಹಳೆಯದು, ತೂಕ ಹೆಚ್ಚು. ನಿಕಲ್-ಮೆಟಲ್ ಹೈಡ್ರೈಡ್ ನಡುವಿನದು. ಲಿಥಿಯಂ-ಅಯಾನ್ ಹಗುರ ಮತ್ತು ಈಗಿನ ಕಾಲದ್ದು. ಚಾರ್ಜರು ಆಯಾ ಬಗೆಗೆ ತಕ್ಕುದೇ ಇರಬೇಕು. ನಿಕಲ್ ಬ್ಯಾಟರಿಯ ಚಾರ್ಜರಿಗೆ ಲಿಥಿಯಂ ಬ್ಯಾಟರಿಯನ್ನು ಹಾಕಿದರೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಬ್ಯಾಟರಿ ಎಷ್ಟು ಹೊತ್ತು ಬರಬೇಕೆಂದು ಲೆಕ್ಕ ಹಾಕುವ ಒಂದು ವಾಡಿಕೆಯಿದೆ. ನೂರು ನಿಮಿಷಗಳಲ್ಲಿ 5 ನಿಮಿಷ ಮಾತು ಕಳಿಸುವುದು, 5 ನಿಮಿಷ ಕೇಳುವುದು, 90 ನಿಮಿಷ ಸುಮ್ಮನಿರುವುದು ಎಂದು ಹಿಡಿಯುತ್ತಾರೆ. ಉದಾಹರಣೆಗೆ ಒಂದು ಸೆಟ್ಟು ಕಳಿಸುವಾಗ 1.5 ಆಂಪಿಯರ್, ಕೇಳುವಾಗ 0.25 ಆಂಪಿಯರ್, ಸುಮ್ಮನಿರುವಾಗ 0.06 ಆಂಪಿಯರ್ ಎಳೆಯುತ್ತದೆ ಎನ್ನೋಣ. ಆಗ ಸರಾಸರಿ ಸುಮಾರು 0.14 ಆಂಪಿಯರ್ ಆಗುತ್ತದೆ. 1500 ಮಿಲಿ ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಹತ್ತು ಗಂಟೆಗೂ ಮೇಲೆ ಬರುತ್ತದೆ. ಅದೇ ಬ್ಯಾಟರಿ ಹಳೆಯದಾಗಿ ಅರ್ಧ ಶಕ್ತಿ ಉಳಿದಿದ್ದರೆ ಐದು ಗಂಟೆಗೆ ಮುಗಿಯುತ್ತದೆ. ರಾತ್ರಿ ಹತ್ತಕ್ಕೆ ಪಂಪಿನ ಹತ್ತಿರ ಹೋದವನ ಸೆಟ್ಟು ಬೆಳಗಿನ ಮೂರು ಗಂಟೆಗೆ ಸುಮ್ಮನಾದರೆ, ಅದು ಇದ್ದೂ ಇಲ್ಲದಂತೆ.

ಅಂಗಡಿಯಲ್ಲಿ ದೀಪ ಹತ್ತಿದ್ದನ್ನು ನೋಡಿ ಬ್ಯಾಟರಿ ಚೆನ್ನಾಗಿದೆ ಎಂದುಕೊಳ್ಳಬಾರದು. ಸುಮ್ಮನಿರುವಾಗ ಎಲ್ಲ ಬ್ಯಾಟರಿಯೂ ಗಟ್ಟಿಯಾಗಿ ಕಾಣುತ್ತದೆ. ಪೂರ್ತಿ ಚಾರ್ಜ್ ಮಾಡಿಸಿ ಮಾತು ಕಳಿಸುವಾಗ ನೋಡಬೇಕು. ಗುಂಡಿ ಒತ್ತಿದ ಕೂಡಲೆ ಕೆಂಪು ದೀಪ ಮಿಣುಕಿದರೆ ಅಥವಾ ಸೆಟ್ಟು ಆರಿದರೆ ಬ್ಯಾಟರಿ ಮುಗಿದಿದೆ ಎಂದರ್ಥ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಚುಚ್ಚಬಾರದು, ಬೆಂಕಿಗೆ ಹಾಕಬಾರದು. ಹಳೆಯ ಸೆಟ್ಟಿನ ಬೆಲೆಗೆ ಒಂದು ಹೊಸ ಬ್ಯಾಟರಿಯ ಬೆಲೆಯನ್ನು ಕೂಡಿಸಿಯೇ ಅಗ್ಗವೋ ದುಬಾರಿಯೋ ಎಂದು ತೀರ್ಮಾನಿಸಬೇಕು.

ಸೆಟ್ಟಿನೊಳಗಿನ ಹೊಂದಾಣಿಕೆ

ವೃತ್ತಿಪರ ಸೆಟ್ಟುಗಳಲ್ಲಿ ಆವರ್ತನವನ್ನು ಸಾಮಾನ್ಯವಾಗಿ ಕೈಯಿಂದ ಬದಲಾಯಿಸಲು ಬರುವುದಿಲ್ಲ. ಆ ಮಾದರಿಗೇ ಮೀಸಲಾದ ಕೇಬಲ್ ಮತ್ತು ತಂತ್ರಾಂಶ ಬೇಕು. ಹಿಂದಿನ ಮಾಲೀಕರು ರಹಸ್ಯಪದ ಹಾಕಿ ಮುಚ್ಚಿದ್ದರೆ ತೆರೆಯಲು ಬರದೆ ಹೋಗಬಹುದು. ಬಹಳ ಹಳೆಯ ಮಾದರಿಗಳ ತಂತ್ರಾಂಶವು ಈಗಿನ ಕಂಪ್ಯೂಟರುಗಳಲ್ಲಿ ನಡೆಯದೆಯೂ ಇರಬಹುದು. ಆದುದರಿಂದ ಹಣ ಕೊಡುವ ಮೊದಲು ಎರಡು ಕೆಲಸ ಆಗಬೇಕು. ಹಳೆಯ ಆವರ್ತನಗಳನ್ನೆಲ್ಲ ಅಳಿಸಬೇಕು. ಅನುಮತಿಪತ್ರದಲ್ಲಿರುವ ಆವರ್ತನವನ್ನು ಮಾತ್ರ ತುಂಬಬೇಕು.

ಇದರ ಜೊತೆಗೆ ಒಂದು ಸಣ್ಣ ಸಂಕೇತ ಧ್ವನಿಯನ್ನೂ ಹಾಕುವುದುಂಟು. ಆ ಧ್ವನಿ ಇದ್ದ ಕರೆಗೆ ಮಾತ್ರ ಸೆಟ್ಟಿನ ಸ್ಪೀಕರು ತೆರೆದುಕೊಳ್ಳುತ್ತದೆ. ಬೇರೆಯವರ ಗದ್ದಲ ಕೇಳುವುದಿಲ್ಲ. ಆದರೆ ಇದರಿಂದ ಮಾತು ಗುಟ್ಟಾಗುವುದಿಲ್ಲ. ಸಂಕೇತ ಹಾಕದ ಸೆಟ್ಟಿನವರು ಎಲ್ಲವನ್ನೂ ಕೇಳಬಲ್ಲರು. ಮಾಲಿನ ದರ, ಹಣದ ವ್ಯವಹಾರಗಳನ್ನು ಸೆಟ್ಟಿನಲ್ಲಿ ಮಾತನಾಡಬಾರದು.

ಖರ್ಚಿನ ಲೆಕ್ಕ

ಸೆಟ್ಟಿನ ಬೆಲೆ, ಹೊಸ ಬ್ಯಾಟರಿ, ಚಾರ್ಜರು, ಆಂಟೆನಾ, ಆವರ್ತನ ತುಂಬುವ ಕೂಲಿ, ಅನುಮತಿಯ ಶುಲ್ಕ, ದುರಸ್ತಿ - ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಐದು ವರ್ಷಗಳಿಗೆ ಹಂಚಬೇಕು. ಆಗ ಒಂಟಿ ರೈತನಿಗೆ ಇದು ಕೈಗೆಟುಕುವ ಬಾಬತ್ತಲ್ಲ ಎಂಬುದು ಸಾಮಾನ್ಯವಾಗಿ ಸ್ಪಷ್ಟವಾಗುತ್ತದೆ. ನೀರು ಬಳಕೆದಾರರ ಸಹಕಾರ ಸಂಘ, ರೈತ ಉತ್ಪಾದಕ ಸಂಸ್ಥೆ, ದೊಡ್ಡ ಪ್ರಮಾಣದ ಬೀಜೋತ್ಪಾದಕರ ಗುಂಪು - ಇಂತಹವರು ಸಂಸ್ಥೆಯ ಹೆಸರಿನಲ್ಲಿ ಅನುಮತಿ ಪಡೆದು, ಖರ್ಚನ್ನು ಹಂಚಿಕೊಂಡರೆ ಮಾತ್ರ ವೃತ್ತಿಪರ ಸೆಟ್ಟು ಗಿಟ್ಟುತ್ತದೆ.

ಒಂಟಿ ರೈತನಿಗೆ ಬೇರೆ ಉಪಾಯಗಳಿವೆ. ಪಂಪನ್ನು ದೂರದಿಂದ ನಿಲ್ಲಿಸುವುದಷ್ಟೇ ಅಗತ್ಯವಾಗಿದ್ದು, ಹೊಲದಲ್ಲಿ ಟವರಿನ ಸಂಪರ್ಕ ಸಿಗುತ್ತಿದ್ದರೆ ಮೊಬೈಲಿನಿಂದ ನಡೆಯುವ ಸ್ಟಾರ್ಟರು ಸಾಕು. ಕೂಗಳತೆಯನ್ನು ಮೀರಿದ, ಆದರೆ ಒಂದು ಕಿಲೋಮೀಟರಿನೊಳಗಿನ ಮಾತಿಗೆ ಮಂಜೂರಾತಿ ಇರುವ 446 ಮೆಗಾಹರ್ಟ್ಸಿನ ಸಣ್ಣ ಸೆಟ್ಟುಗಳ ಹೊಸ ಜೋಡಿ ಸಾಕು. ಹಳೆಯ ದೊಡ್ಡ ಸೆಟ್ಟಿಗಿಂತ ಹೊಸ ಸಣ್ಣ ಸೆಟ್ಟು ಎಷ್ಟೋ ಸಲ ಹೆಚ್ಚು ಪ್ರಯೋಜನಕಾರಿ.

ಯಾವ ಸೆಟ್ಟನ್ನೇ ಆಗಲಿ, ಒಮ್ಮೆಲೆ ಎಲ್ಲವನ್ನೂ ಕೊಳ್ಳದೆ ಮೊದಲು ಒಂದು ಜೋಡಿಯನ್ನು ತಂದು ಹೊಲದಲ್ಲಿ ಪರೀಕ್ಷಿಸಬೇಕು. ವೃತ್ತಿಪರ ಸೆಟ್ಟಾದರೆ ಅನುಮತಿ ಬಂದ ನಂತರವೇ ಈ ಪರೀಕ್ಷೆ ಮಾಡತಕ್ಕದ್ದು. ಪಂಪಿನ ಬುಡ, ಟ್ರಾನ್ಸ್‌ಫಾರ್ಮರಿನ ಹತ್ತಿರ, ಹೊಲದ ನಾಲ್ಕು ಮೂಲೆ, ಕಣ, ಮನೆ - ಹೀಗೆ ಒಂದೊಂದು ಜಾಗದಿಂದ ಒಂದರಿಂದ ಹತ್ತು ಎಣಿಸಿ ಹೇಳಿಸಿ, ಎಲ್ಲಿ ಸ್ಪಷ್ಟ, ಎಲ್ಲಿ ಅಸ್ಪಷ್ಟ, ಎಲ್ಲಿ ಇಲ್ಲ ಎಂದು ಗುರುತು ಹಾಕಿಕೊಳ್ಳಬೇಕು. ಬೆಳೆ ಎತ್ತರವಾದ ಮೇಲೆ ಇನ್ನೊಮ್ಮೆ ನೋಡಬೇಕು.

ಮಾತಿನ ಶಿಸ್ತು: ಜೀವದ ಪ್ರಶ್ನೆ

ಸೆಟ್ಟು ಎಷ್ಟೇ ಒಳ್ಳೆಯದಿದ್ದರೂ ಮಾತು ತಪ್ಪಿ ಕೇಳಿದರೆ ಅನಾಹುತವಾಗುತ್ತದೆ. ಇದಕ್ಕೆ ನಮ್ಮ ಭಾಷೆಯಲ್ಲಿಯೇ ಒಂದು ಕಾರಣವಿದೆ. ಕನ್ನಡದಲ್ಲಿ ‘ಬೇಡ’ ಎಂಬುದು ಮಾತಿನ ಕೊನೆಗೆ ಬರುತ್ತದೆ. “ಕರೆಂಟ್ ಹಾಕಬ್ಯಾಡ” ಎನ್ನುವವನು ಅವಸರದಲ್ಲಿ ಗುಂಡಿಯನ್ನು ಅರ್ಧ ಕ್ಷಣ ಮೊದಲೇ ಬಿಟ್ಟರೆ ಆಚೆಯವನಿಗೆ “ಕರೆಂಟ್ ಹಾಕ” ಎಂದಷ್ಟೇ ಕೇಳಿಸುತ್ತದೆ. ದಂಡೆಯಲ್ಲಿ ಒಬ್ಬನು ತೊಯ್ದ ಕೈಯಿಂದ ಮೋಟರಿನ ತಂತಿ ಹಿಡಿದಿರುವಾಗ ಈ ಎರಡು ಅಕ್ಷರಗಳ ಬೆಲೆ ಒಂದು ಪ್ರಾಣ.

ಆದುದರಿಂದ ಕೆಳಗಿನ ನಿಯಮಗಳನ್ನು ಸೆಟ್ಟು ಹಿಡಿಯುವ ಪ್ರತಿಯೊಬ್ಬರಿಗೂ ಕಲಿಸತಕ್ಕದ್ದು.

1. ಗುಂಡಿ ಒತ್ತಿದ ಮೇಲೆ ಒಂದು ಸೆಕೆಂಡು ತಡೆದು ಮಾತು ಆರಂಭಿಸಬೇಕು. ಮಾತು ಮುಗಿದ ಮೇಲೆ ಒಂದು ಸೆಕೆಂಡು ತಡೆದು ಗುಂಡಿ ಬಿಡಬೇಕು.

2. ‘ಹಾಕಬೇಡ’, ‘ಬಿಡಬೇಡ’ ಎಂಬ ಮಾತುಗಳನ್ನು ಬಳಸಲೇಬಾರದು. ನಿಲ್ಲಿಸಲು “ಬಂದ್, ಬಂದ್, ಬಂದ್” ಎಂದೂ ಆರಂಭಿಸಲು “ಚಾಲೂ” ಎಂದೂ ಬೇರೆ ಬೇರೆ ಶಬ್ದಗಳನ್ನು ಗೊತ್ತುಮಾಡಿಕೊಳ್ಳಬೇಕು.

3. ಕೇಳಿದವನು ಕೇಳಿದ್ದನ್ನು ಮರಳಿ ಹೇಳಬೇಕು. ಹೇಳಿದವನು “ಹೌದು, ಸರಿ” ಎಂದ ನಂತರವೇ ಕೆಲಸ ಮಾಡಬೇಕು. ಉತ್ತರ ಬಾರದಿದ್ದರೆ ಸ್ಟಾರ್ಟರನ್ನು ಮುಟ್ಟಬಾರದು.

4. ಎಲ್ಲಕ್ಕಿಂತ ಮುಖ್ಯವಾದುದು ಇದು: ಮೋಟರು ಅಥವಾ ತಂತಿಯ ದುರಸ್ತಿಗೆ ಇಳಿಯುವವನು ಸೆಟ್ಟಿನ ಮಾತನ್ನು ನೆಚ್ಚಬಾರದು. ಸ್ವಿಚ್ಚು ತೆಗೆದು, ಫ್ಯೂಜುಗಳನ್ನು ಕಳಚಿ ತನ್ನ ಕಿಸೆಯಲ್ಲಿ ಇಟ್ಟುಕೊಂಡು, ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತಾನೇ ಒಯ್ಯಬೇಕು. ಸೆಟ್ಟು ಸುದ್ದಿ ಹೇಳುವ ಸಾಧನ. ವಿದ್ಯುತ್ತನ್ನು ತಡೆಯುವ ಸಾಧನವಲ್ಲ.

ನದಿ ಏರಿದಾಗ

ಗಳಗನಾಥದಂತಹ ಸಂಗಮದ ಊರುಗಳಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ವರದೆ ಹುಟ್ಟುವುದು ಸಾಗರ ತಾಲೂಕಿನ ವರದಾಮೂಲದಲ್ಲಿ. ಮಲೆನಾಡಿನಲ್ಲಿ ಸುರಿದ ಮಳೆಯಿಂದ, ಹಾವೇರಿಯಲ್ಲಿ ಹನಿ ಬೀಳದಿದ್ದರೂ, ನದಿ ಏರಬಲ್ಲದು. 2019ರ ಆಗಸ್ಟಿನ ನೆರೆಯಲ್ಲಿ ಹಾವೇರಿ ಜಿಲ್ಲೆಯ ನದಿದಂಡೆಯ ಊರುಗಳು ಇದನ್ನು ಅನುಭವಿಸಿದವು. ಮೇಲಿನ ಊರಿನವರು ಕೈ ಸೆಟ್ಟಿನಲ್ಲಿ ಸುದ್ದಿ ಕೊಡುತ್ತಾರೆಂದು ಕಾಯುವುದು ಸಲ್ಲದು. ಕೈ ಸೆಟ್ಟಿನ ಮಾತು ಅಷ್ಟು ದೂರ ಮುಟ್ಟುವುದಿಲ್ಲ. ಕೇಂದ್ರ ಜಲ ಆಯೋಗವು ವರದೆಗೆ ಮರೋಳದಲ್ಲಿ, ತುಂಗಭದ್ರೆಗೆ ಹರಳಹಳ್ಳಿಯಲ್ಲಿ ನದಿಯ ಮಟ್ಟವನ್ನು ಅಳೆಯುತ್ತದೆ. ನೆರೆಯ ಮುನ್ಸೂಚನೆಗೆ ಜಿಲ್ಲಾ ಆಡಳಿತದ ಪ್ರಕಟಣೆಯನ್ನೇ ನಂಬಬೇಕು. ಬಂದ ಸುದ್ದಿಯನ್ನು ದಂಡೆಯ ಪಂಪಿನ ಹತ್ತಿರ ಇರುವವರಿಗೆ ಕೂಡಲೆ ಮುಟ್ಟಿಸುವುದು, “ಮೋಟರು ಬಿಡಿ, ಮೇಲೆ ಬನ್ನಿ” ಎಂದು ಒಮ್ಮೆಗೆ ಎಲ್ಲರಿಗೂ ಹೇಳುವುದು - ಸೆಟ್ಟಿನ ನಿಜವಾದ ಪ್ರಯೋಜನ ಇದು. ಪ್ರಾಣಾಪಾಯ ಒದಗಿದರೆ 112ಕ್ಕೆ ಕರೆ ಮಾಡಬೇಕು.

ಸಂರಕ್ಷಣೆ

ಹಂಗಾಮು ಮುಗಿದ ಮೇಲೆ ಬ್ಯಾಟರಿಯನ್ನು ಸೆಟ್ಟಿನಿಂದ ಕಳಚಿಡಬೇಕು. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಅಥವಾ ಪೂರ್ತಿ ಬರಿದು ಮಾಡಿ ಇಡದೆ, ಅರ್ಧ ಚಾರ್ಜಿನಲ್ಲಿ ತಂಪಾದ ಒಣ ಜಾಗದಲ್ಲಿ ಇಡಬೇಕು. ಬೇಸಿಗೆಯಲ್ಲಿ ತಗಡಿನ ಶೆಡ್ಡು ಅಥವಾ ಟ್ರ್ಯಾಕ್ಟರಿನ ಮೇಲೆ ಬಿಸಿಲಿಗೆ ಬಿಡಬಾರದು. ಕೀಟನಾಶಕ ಸಿಂಪಡಿಸಿದ ಕೈಯಿಂದ ಸೆಟ್ಟನ್ನು ಮುಟ್ಟಬಾರದು. ಅದನ್ನು ಬಾಯಿಯ ಹತ್ತಿರ ಹಿಡಿಯುವುದರಿಂದ ವಿಷ ಒಳಹೋಗುವ ಸಂಭವವಿದೆ. ಸೆಟ್ಟುಗಳ ಕ್ರಮಸಂಖ್ಯೆ, ಯಾರ ಕೈಯಲ್ಲಿ ಯಾವುದಿದೆ ಎಂಬ ವಿವರ ಮತ್ತು ಅನುಮತಿಪತ್ರದ ಪ್ರತಿಯನ್ನು ಒಂದು ವಹಿಯಲ್ಲಿ ಇಟ್ಟಿರಬೇಕು. ಕಳವಾದರೆ ಪೊಲೀಸ್ ಠಾಣೆಗೆ ತಿಳಿಸಲು ಈ ವಹಿಯೇ ಆಧಾರ.

ಕೊಳ್ಳುವ ದಿನ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಐದೇ: ಮಾರಲು ನಿಮಗೆ ಅನುಮತಿ ಇದೆಯೇ? ಈ ಮಾದರಿ ನಮ್ಮ ಅನುಮತಿಪತ್ರದ ಆವರ್ತನಕ್ಕೆ ಹೊಂದುತ್ತದೆಯೇ? ಹಳೆಯ ಆವರ್ತನ ಅಳಿಸಿ ಕೊಡುತ್ತೀರಾ? ಹೊಸ ಬ್ಯಾಟರಿ ಸಿಗುತ್ತದೆಯೇ? ಕ್ರಮಸಂಖ್ಯೆ ಬರೆದ ರಸೀದಿ ಕೊಡುತ್ತೀರಾ? ಐದಕ್ಕೂ ಹೌದೆಂಬ ಉತ್ತರ ಬಂದರೆ ಬೆಲೆ ಮಾತನಾಡಬಹುದು. ಒಂದಕ್ಕೆ ಇಲ್ಲವೆಂದರೂ, ಬೆಲೆ ಎಷ್ಟೇ ಕಡಿಮೆ ಇರಲಿ, ಬರಿಗೈಯಲ್ಲಿ ಮರಳುವುದೇ ಲಾಭ.